ಗತ್ತಿಗೆ ಹತ್ತು

ಹಳೆಯ ಕಾರುಗಳ ಕ್ಲಬ್ಬಿನಲ್ಲಿ ವರ್ಷಕ್ಕೊಮ್ಮೆ, ಯಾವ ಕಾರಿಗೆ ಎಷ್ಟು ಗತ್ತು ಎಂದು ಸದಸ್ಯರು ಹೆಸರಿಲ್ಲದ ಚೀಟಿಯಲ್ಲಿ ಅಂಕ ಬರೆಯುತ್ತಿದ್ದರು. ಯಾರಿಗೂ ಅನ್ಯಾಯವಾಗಬಾರದೆಂದು ಪ್ರತಿ ಕಾರಿನ ಅತಿ ಹೆಚ್ಚಿನ ಮತ್ತು ಅತಿ ಕಡಿಮೆಯ ಅಂಕವನ್ನು ಓದಿ ಹೇಳಿ, ಬದಿಗಿಟ್ಟು, ಉಳಿದದ್ದನ್ನಷ್ಟೇ ಕೂಡುತ್ತಿದ್ದರು. ವಾರಿಜಮ್ಮನ ಪುಟ್ಟ ಕಾರಿಗೆ ಪ್ರತಿ ಸಲವೂ ಒಂದು ಸೊನ್ನೆ, ಒಂದು ಹತ್ತು. ಎರಡೂ ಲೆಕ್ಕಕ್ಕಿಲ್ಲ.

ಸೊನ್ನೆ ಯಾರದೆಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ಪೂವಯ್ಯನವರದು. ವಾರಿಜಮ್ಮ ಗೇಟು ದಾಟುವ ಮೊದಲೇ "ಕೊಯ್ಯ್... ಕೊರ್ರ್... ಗೊಕ್!" ಎಂದು ಆ ಕಾರಿನ ದನಿಯನ್ನೇ ತೆಗೆದು ಎಲ್ಲರನ್ನೂ ನಗಿಸುತ್ತಿದ್ದವರು ಅವರು.

"ಅಮ್ಮಾವ್ರೇ, ಮೊದ್ಲು ಗಾಡಿಗೊಂದಿಷ್ಟು ಕಷಾಯ ಕುಡಿಸಿ!"

ಆದರೆ ಆ ಹತ್ತು? ಮಾತಿಗೊಬ್ಬರಿಲ್ಲದ ಮನೆಯಿಂದ ವಾರಿಜಮ್ಮ ವರ್ಷವರ್ಷ ಬರುತ್ತಿದ್ದದ್ದೇ ಯಾರೋ ಗುಟ್ಟಾಗಿ ಕೊಡುವ ಆ ಹತ್ತಕ್ಕಾಗಿ.

ಈ ವರ್ಷ ಪೂವಯ್ಯ ಇರಲಿಲ್ಲ. ಯುಗಾದಿಗೆ ಮೊದಲೇ ತೀರಿಕೊಂಡಿದ್ದರು. ಉಳಿದವರೆಲ್ಲ ಬಂದಿದ್ದರು. ವಾರಿಜಮ್ಮನ ಕಾರು, ಅಣಕಿಸುವ ದನಿಯಿಲ್ಲದೆ, ಒಂಟಿಯಾಗಿ ಕೆಮ್ಮುತ್ತ ಒಳಗೆ ಬಂತು.

ಅಂಕಗಳನ್ನು ಓದುವ ಮೊದಲೇ ಅವರು ಕಾರ್ಯದರ್ಶಿಯ ಮೇಜಿನ ಹತ್ತಿರ ಹೋದರು.

"ನಂಗೆ ಹತ್ತು ಕೊಡೋರು ಯಾರು ಅಂತ ಈ ಸಲನಾದ್ರೂ ಹೇಳ್ರೀ. ಕರ್ಕೊಂಡ್ಹೋಗಿ ಕಾಫಿ ಕುಡಿಸ್ತೀನಿ."

"ಚೀಟೀಲಿ ಹೆಸರೇ ಇರಲ್ವಲ್ಲ ಮೇಡಂ."

"ಹೋಗ್ಲಿ ಬಿಡಿ. ಆ ಸೊನ್ನೆ ಕಾಟನಾದ್ರೂ ತಪ್ಪಿತಲ್ಲ."

ಕಾರ್ಯದರ್ಶಿ ಅವರ ಕಾರಿನ ಚೀಟಿಗಳನ್ನು ಇನ್ನೊಮ್ಮೆ ತಿರುವಿ ಹಾಕಿದರು.

"ಸೊನ್ನೆ ಇದೆ ಮೇಡಂ. ಹತ್ತೇ ಬಂದಿಲ್ಲ."