ಸೋರಿಕೆ ಪರೀಕ್ಷೆ

ಹಾಡುಹಗಲೇ ಅಂಗಡಿಯ ಕಿಟಕಿಗೆ ಕಂಬಳಿ ಇಳಿಬಿಟ್ಟು, ವಾದ್ಯ ರಿಪೇರಿಯವನು ಮಗಳ ಸ್ಯಾಕ್ಸೊಫೋನಿನ ಹೊಟ್ಟೆಯೊಳಗೆ ಪುಟ್ಟ ಬಲ್ಬೊಂದನ್ನು ಇಳಿಸಿದ. ಮುಚ್ಚಳಗಳ ಸಂದಿಯಿಂದ ಕೂದಲೆಳೆಯಷ್ಟು ಬೆಳಕು ಹೊರಬಿದ್ದರೂ ಗಾಳಿ ಅಲ್ಲೇ ಸೋರುತ್ತದೆಂಬುದು ಕಸುಬಿನ ಲೆಕ್ಕ. ಬೆಳಕು ಬೀಳಲಿಲ್ಲ. ನಾಲ್ಕು ಗಂಟೆಗೆ ಶಾಲೆಯ ಬ್ಯಾಂಡಿಗೆ ಆಯ್ಕೆ. ಒಂದೇ ಸ್ವರವನ್ನು ಇಪ್ಪತ್ತು ಎಣಿಸುವತನಕ ಹಿಡಿದವರು ಒಳಗೆ, ಉಳಿದವರು ಮನೆಗೆ. ಹೋದ ವರ್ಷ ಮೂವತ್ತರವರೆಗೆ ಹಿಡಿಯುತ್ತಿದ್ದ ಹುಡುಗಿ ಈಗ ಹನ್ನೊಂದಕ್ಕೇ ಮೀನಿನಂತೆ ಬಾಯಿ ತೆರೆಯುತ್ತಾಳೆ. "ವಾದ್ಯ ಸೋರ್ತಿದೆ ಅಪ್ಪ" ಎಂದು ಅವಳು ಅಂದದ್ದೇ ತಡ, ಮೂರು ವಾರದಲ್ಲಿ ಅವನು ಚರ್ಮದ ಬಿಲ್ಲೆ, ಬಿರಡೆ, ಸ್ಪ್ರಿಂಗು ಒಂದನ್ನೂ ಬಿಡದೆ ಬದಲಾಯಿಸಿದ್ದ.

"ಮಗು ಸೊರಗಿತು ಅಂತ ಹೊಸ ಅಂಗಿ ಹೊಲಿಸ್ತಾನೇ ಇದೀಯ," ಎಂದಳು ಮೂಲೆಯಲ್ಲಿ ಕೂತು ತುತ್ತೂರಿಯೊಂದನ್ನು ಉಜ್ಜುತ್ತಿದ್ದ ಅವನ ತಾಯಿ. "ಅಂಗಿಯೊಳಗಿರೋ ಮಗೂನ ಒಂದ್ಸಲ ನೋಡೋ."

"ಅಮ್ಮಾ, ಕಸುಬಿನ ವಿಷಯಕ್ಕೆ ಬಾಯಿ ಹಾಕ್ಬೇಡ. ಸ್ವರ ನಿಲ್ತಿಲ್ಲ ಅಂದ್ರೆ ಎಲ್ಲೋ ತೂತು ಇದ್ದೇ ಇದೆ. ಮನುಷ್ಯ ಸುಳ್ಳು ಹೇಳಬಹುದು, ಗಾಳಿ ಹೇಳಲ್ಲ."

ಮುದುಕಿ "ಶಿವನೇ" ಎಂದು ತುತ್ತೂರಿಯ ಕಡೆ ತಿರುಗಿದಳು. ಅವನು ವಾದ್ಯದ ಪೆಟ್ಟಿಗೆಯಲ್ಲಿ ಒರೆಸುವ ಬಟ್ಟೆಗಾಗಿ ತಡಕಾಡಿದ. ಬಟ್ಟೆಯ ಮಡಿಕೆಯಿಂದ ಬೆರಳುದ್ದದ ನೀಲಿ ಕಡ್ಡಿಯೊಂದು ಜಾರಿ ಕೈಗೆ ಬಂತು. ಒಂದು ತುದಿ ಪೀಪಿಯ ಬಾಯಿಯಂತೆ ಚಪ್ಪಟೆ. ಮೂವತ್ತು ವರ್ಷ ಊದುವ ಸಾಮಾನಿನ ನಡುವೆ ಬಾಳಿದವನಿಗೆ ಚಪ್ಪಟೆ ತುದಿ ಕಂಡರೆ ತುಟಿ ತಡೆಯುವುದುಂಟೇ! ಊದಿದ, ಸದ್ದೇ ಇಲ್ಲ. ಒಳಗೆಳೆದ, ಇನ್ನೊಂದು ತುದಿಯಲ್ಲಿ ಮಿಣುಕು ದೀಪ ಹೊತ್ತಿತು, ಮೂಗಿನಿಂದ ಬಿಳಿ ಹೊಗೆ ಬಂತು. ಅವನ ಮುಖ ಊರಗಲ ಆಯಿತು. ದೊಡ್ಡ ಕಾರ್ಖಾನೆಗಳಲ್ಲಿ ಹೊಗೆ ತುಂಬಿ ಸೋರಿಕೆ ಹಿಡಿಯುತ್ತಾರೆಂದು ಅವನು ಕೇಳಿದ್ದ. ಆ ಯಂತ್ರ ಇಷ್ಟು ಪುಟ್ಟದಾಗಿ ಸಿಗುತ್ತದೆಂದು ಯಾರಿಗೆ ಗೊತ್ತಿತ್ತು!

ಕೂಡಲೇ ವಾದ್ಯದ ಅಗಲ ಬಾಯಿಗೆ ಬಟ್ಟೆ ತುರುಕಿದ, ಮುಚ್ಚಳಗಳನ್ನೆಲ್ಲ ಅದುಮಿ ಹಿಡಿದ, ಕಡ್ಡಿಯನ್ನು ಎದೆ ತುಂಬ ಎಳೆದು ಒಳಕ್ಕೆ ಊದಿದ. ಒಂದಲ್ಲ, ಐದು ಸಲ. ಎಲ್ಲೂ ಒಂದೆಳೆ ಹೊಗೆ ಹೊರಬರಲಿಲ್ಲ. ಅಂಗಡಿಯೆಲ್ಲ ಹಣ್ಣಿನ ಘಮಲು.

"ಏನೋ ಅದು ವಾಸನೆ?" ಮುದುಕಿ ಮೂಗರಳಿಸಿದಳು. "ಹುಡುಗಿ ದಿಂಬೂ ಹೀಗೇ ನಾರುತ್ತೆ."

"ಗಟ್ಟಿ ಇದೆ ಅಮ್ಮಾ, ವಾದ್ಯ ಕಲ್ಲಿನ ಹಾಗೆ ಗಟ್ಟಿ ಇದೆ! ಎಣಿಸು, ಎಣಿಸು," ಎಂದು ಅವನು ಬಟ್ಟೆ ಕಿತ್ತೆಸೆದು ಸ್ವರ ಹಿಡಿದ. ಮುದುಕಿ ಒಂಬತ್ತು ಎನ್ನುವಷ್ಟರಲ್ಲಿ ಸ್ವರ ಹಂದಾಡಿತು. ಹನ್ನೆರಡಕ್ಕೆ ಅವನು ಮೇಜು ಹಿಡಿದುಕೊಂಡು ಕರುಳು ಬಾಯಿಗೆ ಬರುವಂತೆ ಕೆಮ್ಮಿದ. ತಲೆ ಬುಗುರಿಯಾಯಿತು.

ಅಷ್ಟರಲ್ಲಿ ಮಗಳು ಸಮವಸ್ತ್ರದಲ್ಲಿ ಮೆಟ್ಟಿಲೇರಿ ಬಂದಳು. ಇದ್ದದ್ದು ಎಂಟೇ ಮೆಟ್ಟಿಲು. ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಟ್ಟಳು. ಅಪ್ಪನ ಕೈಯಲ್ಲಿದ್ದ ಕಡ್ಡಿ ಕಂಡಾಗ ಆ ಉಸಿರೂ ನಿಂತಿತು.

"ಬಾ ತಾಯೀ!" ಕಣ್ಣೀರು ಒರೆಸಿಕೊಳ್ಳುತ್ತ ಅವನು ಹಿಗ್ಗಿದ. "ಸೋರಿಕೆ ಹಿಡಿಯೋ ಯಂತ್ರ ತಂದಿಟ್ಕೊಂಡು ಅಪ್ಪನಿಗೆ ಒಂದು ಮಾತು ಹೇಳೋದಲ್ವಾ? ಎಲ್ಲಿ ಸಿಕ್ಕಿತು?"

ದೇವರೇ ಬಾಗಿಲು ತೆರೆದು ಹೋಗು ಎಂದಂತಿತ್ತು. "ಹೂಂ... ಗೆಳತಿ ಕೊಟ್ಟಳು," ಎಂದು ಹುಡುಗಿ ಆ ಬಾಗಿಲಲ್ಲಿ ನುಸುಳಿಯೂ ಬಿಟ್ಟಳು.

"ಭೇಷ್! ಇನ್ನೊಂದ್ಸಲ ನಿನ್ನೆದುರಿಗೇ ಊದಿ ತೋರಿಸ್ತೀನಿ," ಎಂದು ಅವನು ಕಡ್ಡಿಯನ್ನು ತುಟಿಗೆ ಇಟ್ಟ.

"ಬೇಡ ಅಪ್ಪಾ!" ಹುಡುಗಿ ಹಾರಿ ಬಂದು ಕಿತ್ತುಕೊಂಡಳು. "ಅದನ್ನ ಎಳೀಬೇಡ. ಎದೆಗೆ ಒಳ್ಳೇದಲ್ಲ."

ಮುದುಕಿ ತುತ್ತೂರಿಯನ್ನು ಕೆಳಗಿಟ್ಟಳು.

"ಅವನ ಎದೆಗೆ ಆಗದ್ದು ನಿನ್ನ ಎದೆಗೆ ಆಗುತ್ತಾ ಕಂದಾ?"

"ಅದು ಸಿಗರೇಟಿನ ಹೊಗೆ ಅಲ್ಲ ಅಜ್ಜಿ, ವೇಪ್ ಅಂತಾರೆ, ಬರೀ ಆವಿ. ನಮ್ಮ ತರಗತೀಲಿ ಅರ್ಧಕ್ಕರ್ಧ ಜನ..."

"ಆವಿ ಇರೋದು ಬೇಯಿಸೋಕೆ. ದೇವರು ಎದೇಲಿ ಎರಡು ತಿದಿ ಇಟ್ಟು ಕಳಿಸಿದ್ದಾನೆ, ಅದರಲ್ಲಿ ನೀನೇನು ಬೇಯಿಸ್ತಿದೀಯ?"

ಹುಡುಗಿಗೆ ನಗು ಬಂತು. ನಗು ಕೆಮ್ಮಾಯಿತು, ಕೆಮ್ಮು ಅಳುವಾಯಿತು. "ಬಿಡಬೇಕು ಅಂತ ನಾಲ್ಕು ಸಲ ಕಸಕ್ಕೆ ಎಸೆದೆ ಅಪ್ಪಾ. ನಾಲ್ಕು ಸಲವೂ ಕಸದ ಬುಟ್ಟಿಗೆ ಕೈ ಹಾಕಿ ತಕ್ಕೊಂಡೆ. ಅದನ್ನ ಎಳೀದೆ ಒಂದು ಗಂಟೆ ಕಳೆದರೆ ತಲೆ ಸಿಡಿಯುತ್ತೆ, ಕೈ ನಡುಗುತ್ತೆ."

ಅವನು ಬೈಯಲಿಲ್ಲ. ಅವಳನ್ನು ತಿರುಗಿಸಿ ನಿಲ್ಲಿಸಿ, ಬೆನ್ನಿಗೆ ಕಿವಿ ಆನಿಸಿದ. "ಉಸಿರು ಎಳಿ," ಎಂದ. ಎಳೆದಳು. "ಬಿಡು." ಬಿಟ್ಟಳು. ಮೂರು ವಾರ ಹುಡುಕಿದ ಸಣ್ಣ ಸಿಳ್ಳು ಅಲ್ಲಿತ್ತು.

ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಹುಡುಗಿ ಮೂಗೊರೆಸಿಕೊಂಡು, ತಾನಾಗಿಯೇ ಬ್ಯಾಂಡ್ ಮೇಷ್ಟ್ರಿಗೆ ಫೋನು ಹಚ್ಚಿದಳು. "ಸರ್, ಇವತ್ತು ನಾನು ಬರಲ್ಲ. ಇಲ್ಲ ಸರ್, ವಾದ್ಯ ಸರಿಯಾಗಿದೆ. ರಿಪೇರಿ ಆಗಬೇಕಾದ್ದು ನಾನೇ."

ಮೇಷ್ಟ್ರಿಗೆ ಇದು ತಮಾಷೆ ಎನಿಸಿರಬೇಕು. ಅಪ್ಪನ ಕೈಗೆ ಫೋನು ಕೊಡಿಸಿ, ನಗುತ್ತಲೇ ಕೇಳಿದರು: "ಏನ್ರೀ, ಮತ್ತೆ ಯಾವಾಗ ರೆಡಿ ಮಾಡಿಕೊಡ್ತೀರಿ?"

ಎಂಥ ನಜ್ಜುಗುಜ್ಜಾದ ವಾದ್ಯ ಬಂದರೂ "ಬುಧವಾರ ಬನ್ನಿ" ಎಂದು ಥಟ್ಟನೆ ಹೇಳುತ್ತಿದ್ದ ಮನುಷ್ಯ, ಫೋನನ್ನು ಕಿವಿಗೆ ಹಿಡಿದು, ಮಗಳ ಮುಖವನ್ನೇ ನೋಡುತ್ತ ನಿಂತುಬಿಟ್ಟ.