ಪಾಸ್‌ಪೋರ್ಟಿನಲ್ಲಿದ್ದ ಹೆಸರು

ರಜೆಗೆಂದು ಪರದೇಶಕ್ಕೆ ಬಂದಿದ್ದ ಅಕ್ಕತಂಗಿಗೆ ಹೋಟೆಲಿನವರು ಹೇಳಿದ್ದರು, ಹೊರಗೆ ಹೋಗುವಾಗ ಫೋಟೋ ಇರುವ ಗುರುತಿನ ಚೀಟಿ ಜೊತೆಗಿರಲಿ ಎಂದು. ತಲೆನೋವೆಂದು ವನಮಾಲಾ ಕೋಣೆಯಲ್ಲೇ ಉಳಿದಳು. ತಂಗಿ ರೋಹಿಣಿ ಅವಸರದಲ್ಲಿ ಅಕ್ಕನ ಪಾಸ್‌ಪೋರ್ಟನ್ನೇ ಚೀಲಕ್ಕೆ ಹಾಕಿಕೊಂಡು ದೋಣಿವಿಹಾರಕ್ಕೆ ಹೋದಳು. ಮಧ್ಯಾಹ್ನ ದೋಣಿ ಮಗುಚಿತು.

ಆಸ್ಪತ್ರೆಯ ಶವಾಗಾರದಲ್ಲಿ ತಂಗಿಯ ಮುಖ ನೋಡಿದಾಗ ವನಮಾಲಾಗೆ ಅಳುವೇ ಬರಲಿಲ್ಲ.

ತಾನೇ ವನಮಾಲಾ ಎಂದು ಅವಳು ಹೇಳಿದಾಗ ಅಲ್ಲಿದ್ದ ಪೊಲೀಸ್ ಅಧಿಕಾರಿ ಪೆಚ್ಚಾದ. "ಪಾಸ್‌ಪೋರ್ಟ್ ನೋಡಿ, ವನಮಾಲಾ ತೀರಿಕೊಂಡರೆಂದು ನಿಮ್ಮ ಮನೆಗೆ ತಿಳಿಸಿಬಿಟ್ಟೆವು. ತಪ್ಪಾಗಿದೆಯೆಂದು ನೀವೇ ಹೇಳಿಬಿಡಿ," ಎಂದು ಫೋನನ್ನು ಅವಳತ್ತ ಸರಿಸಿದ.

ಅವಳು ಮನೆಗೆ ಫೋನ್ ಮಾಡಿದಳು.

"ಅಮ್ಮಾ..."

"ರೋಹಿಣೀ! ಕಂದಾ, ನಿಮ್ಮಕ್ಕ ಹೋದಳಂತಲ್ಲೇ!" ಅಮ್ಮ ಗೊಳೋ ಎಂದು ಅತ್ತಳು.

"ಅಮ್ಮಾ, ಸ್ವಲ್ಪ ಇಲ್ಲಿ ಕೇಳು..."

"ಅವಳ ದುಃಖ ಹೇಗೋ ನುಂಗಿಕೊಳ್ತೀನಿ ಕಣೇ. ನಿನಗೇನಾದರೂ ಆಗಿದ್ದರೆ ನಾನು ಉಳೀತಿರಲಿಲ್ಲ."

ಅಧಿಕಾರಿ ಕಾಯುತ್ತಿದ್ದ. ವನಮಾಲಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು.

"ಅಳಬೇಡಮ್ಮಾ," ಎಂದಳು. "ನಿನ್ನ ರೋಹಿಣಿಗೆ ಏನೂ ಆಗಿಲ್ಲ."