ಕೆರೆ ಹೆಸರು ಹಿಡಿದು ಕರೆದ ದಿನ

ಕೆರೆಗಳು ಮಾತಾಡಲು ಶುರುಮಾಡಿ ಎಂಟು ವರ್ಷವಾಗಿತ್ತು. ಆದರೂ ಪುರಸಭೆಯವರು ಜಲಮಾಲಿನ್ಯದ ಜಾಗೃತಿ ಅಂದರೆ ಬ್ಯಾನರು, ಜಾಥಾ ಅಂತಲೇ ಯೋಚಿಸುತ್ತಿದ್ದರು. ಆರೋಗ್ಯ ನಿರೀಕ್ಷಕಿ ದಾಕ್ಷಾಯಣಿ ಮಾತ್ರ ದಡಕ್ಕೆ ಹೋಗಿ ಕೆರೆಯನ್ನೇ ಕೇಳಿದಳು: “ಜನಕ್ಕೆ ಏನು ಹೇಳೋಣ, ಕೆರೆಯವ್ವಾ?”

“ಒಂದು ಮೈಕ್ ತಂದಿಡು ಮಗಳೇ. ನಾನೇ ಮಾತಾಡಿಸ್ತೀನಿ,” ಎಂದಿತು ಕೆರೆ.

ಭಾನುವಾರ ಊರೆಲ್ಲ ದಡದಲ್ಲಿ ಸೇರಿತು. ಕೆರೆ ಮೊದಲು ಬಣ್ಣದ ಕಾರ್ಖಾನೆಯ ಮಾಲೀಕರನ್ನು ಕರೆಯಿತು. “ಮಲ್ಲೇಶಿ, ಈಜು ಕಲಿಯುವಾಗ ಎಷ್ಟೊಂದು ನೀರು ಕುಡಿದಿದ್ದೆ ನೀನು. ಈಗೊಂದು ಗುಟುಕು ಕುಡೀತೀಯೇನಪ್ಪ?”

ಅರವತ್ತರ ಮಲ್ಲೇಶಪ್ಪನವರು ನಾಚಿ ತಲೆ ತಗ್ಗಿಸಿದರು. “ಇಲ್ಲವ್ವ. ಇವತ್ತೇ ಕಾರ್ಖಾನೆಯ ಕೊಳೆನೀರಿನ ಪೈಪು ಮುಚ್ಚಿಸ್ತೀನಿ,” ಎಂದು ಅಲ್ಲೇ ಫೋನ್ ತೆಗೆದರು. ಜನ ಚಪ್ಪಾಳೆ ತಟ್ಟಿ ನಕ್ಕರು. ದಾಕ್ಷಾಯಣಿಗೆ ಸಂತೋಷದಿಂದ ಕಣ್ಣು ತುಂಬಿತು.

ಕೆರೆ ಮುಂದಿನ ಹೆಸರು ಕೂಗುವ ಮೊದಲೇ ಪುರಸಭೆಯ ಅಧ್ಯಕ್ಷರು ಪಂಚೆ ಎತ್ತಿಕಟ್ಟಿ, ನೀರಿಗಿಳಿದು ಪ್ಲಾಸ್ಟಿಕ್ ಹೆಕ್ಕತೊಡಗಿದ್ದರು.